ಕಾಲು ಎಂದರೆ ಎಲ್ಲಿಯವರೆಗೆ

ಜಮೈಕಾದ ಕಿಂಗ್‌ಸ್ಟನ್ ನಗರದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾನು ನರ್ಸ್ ಆಗಿ ಸೇರಿ ಎಂಟು ತಿಂಗಳಾಗಿತ್ತು. ಅಂದು ಸೋಮವಾರ. ಬೆಂಚುಗಳೆಲ್ಲ ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಹತ್ತು ಗಂಟೆಯ ಹೊತ್ತಿಗೆ ಬ್ಲೂ ಮೌಂಟನ್ ತಪ್ಪಲಿನ ಹಳ್ಳಿಯಿಂದ ಅಜ್ಜಿಯೊಬ್ಬರು ಬಂದರು. ಶಾಲಾ ಸಮವಸ್ತ್ರದಲ್ಲಿದ್ದ ಮೊಮ್ಮಗಳು ಗಾಲಿಕುರ್ಚಿ ತಳ್ಳುತ್ತಿದ್ದಳು. ಕೌಂಟರಿನಲ್ಲಿ ಅಜ್ಜಿ ಅಲ್ಲಿನವರ ಆಡುಮಾತಾದ ಪಟ್ವಾ ಭಾಷೆಯಲ್ಲಿ ಏನೋ ಹೇಳಲು ಶುರುಮಾಡಿದಾಗ ಒಳಗಿದ್ದವರು, "ಸರಿಯಾಗಿ ಮಾತನಾಡಿ, ಮದರ್" ಎಂದರು. ಹಾಗೆಂದವರೂ ಜಮೈಕಾದವರೇ. ಅವರು ಮನೆಯಲ್ಲಿ ಆಡುವುದೂ ಅದೇ ಪಟ್ವಾ. ಅಜ್ಜಿ ಬಾಯಿ ಮುಚ್ಚಿದರು. ಹೆಸರು, ಊರು, ವಯಸ್ಸನ್ನೆಲ್ಲ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು.

ನನ್ನ ಮೇಜಿನ ಬಳಿ ಬಂದಾಗ ಮಾತ್ರ ಅಜ್ಜಿ ತಗ್ಗಿದ ದನಿಯಲ್ಲಿ, "ಮಿ ಡ್ರಪ್, ನರ್ಸ್. ಮಿ ಫುಟ್ ಅ ಹಟ್ ಮಿ" ಎಂದರು. ಬಿದ್ದೆ, ಕಾಲು ನೋಯುತ್ತಿದೆ. ಅಷ್ಟು ಪಟ್ವಾ ನನಗೆ ಆಗಲೇ ತಿಳಿಯುತ್ತಿತ್ತು, ಅಥವಾ ತಿಳಿಯುತ್ತದೆ ಎಂದುಕೊಂಡಿದ್ದೆ. ಬಿದ್ದ ಮೇಲೆ ಬಲ ಪಾದದಲ್ಲಿ ನೋವು ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡೆ. ಫುಟ್ ಎಂದರೆ ಪಾದ ತಾನೇ?

ವೈದ್ಯರು ಬೇರೆ ದೇಶದಿಂದ ಹೊಸದಾಗಿ ಬಂದವರು. ನಾನು ಬರೆದದ್ದನ್ನು ಓದಿ ಪಾದವನ್ನೇ ನೋಡಿದರು, ಕಣಕಾಲನ್ನು ಒತ್ತಿ ನೋಡಿದರು, ಎಕ್ಸ್‌ರೇ ಬರೆದುಕೊಟ್ಟರು. ಅವರು ಕೇಳಿದ್ದಕ್ಕೆಲ್ಲ ಅಜ್ಜಿ "ಯೆಸ್, ಡಾಕ್ಟರ್" ಎನ್ನುತ್ತಿದ್ದರು. ಇಲ್ಲದ ಕಡೆ 'ಹ'ಕಾರ ಸೇರಿಸಿ ಒಂದೆರಡು ಇಂಗ್ಲಿಷ್ ವಾಕ್ಯಗಳನ್ನೂ ಕಷ್ಟಪಟ್ಟು ಕಟ್ಟಿದರು. ದೊಡ್ಡವರ ಮುಂದೆ ಹೀಗೆ ನಾಲಿಗೆ ತಿರುಗಿಸಿ ಆಡುವ ಇಂಗ್ಲಿಷಿಗೆ ಜಮೈಕಾದಲ್ಲಿ 'ಸ್ಪೀಕಿ ಸ್ಪೋಕಿ' ಎನ್ನುತ್ತಾರೆ. ಅದನ್ನು ಕೇಳಿ ನಗುವವರೂ ಇದ್ದಾರೆ. ನನಗೆ ಅಂದೂ ನಗು ಬರಲಿಲ್ಲ, ಇಂದೂ ಬರುವುದಿಲ್ಲ. ಎಕ್ಸ್‌ರೇಯಲ್ಲಿ ಪಾದದ ಮೂಳೆಗಳೆಲ್ಲ ಸರಿಯಾಗಿದ್ದವು. ಮಧ್ಯಾಹ್ನ ಎರಡಕ್ಕೆ ನೋವಿನ ಮಾತ್ರೆ ಬರೆದು ಮನೆಗೆ ಕಳಿಸಿ ಎಂದರು.

ಮಾತ್ರೆಯ ಚೀಟಿ ಕೊಡಲು ಹೋದಾಗ ಅಜ್ಜಿ ಮೊಮ್ಮಗಳೊಡನೆ ಗೊಣಗುತ್ತಿದ್ದರು. ಕುರ್ಚಿಯಲ್ಲಿ ನೇರ ಕೂರಲಾಗದೆ ಎಡಕ್ಕೆ ವಾಲಿದ್ದರು. ಪಾದ ನೋಯುವವರು ಹಾಗೆ ಕೂರುವುದಿಲ್ಲ. ನಾನು ಮಂಡಿಯೂರಿ, ನೋವು ಎಲ್ಲಿ, ಕೈಯಿಟ್ಟು ತೋರಿಸಿ ಎಂದೆ. ಅವರು ಅಂಗೈಯನ್ನು ಬಲತೊಡೆಯ ಸಂದಿನ ಮೇಲಿಟ್ಟರು.

ಸೊಂಟದ ಭಾಗದ ಎಕ್ಸ್‌ರೇ ತೆಗೆದಾಗ ತೊಡೆಮೂಳೆಯ ಕತ್ತು ಬಿರುಕು ಬಿಟ್ಟಿರುವುದು ಕಾಣಿಸಿತು. ಮುರಿದ ತುದಿಗಳು ಒಂದರೊಳಗೊಂದು ಕಚ್ಚಿಕೊಂಡಿದ್ದವು. ಆ ಕಾಲಿನ ಮೇಲೆ ಭಾರ ಹಾಕಿ ಬಸ್ ಹತ್ತಿಳಿದು ಊರು ಸೇರುವಷ್ಟರಲ್ಲಿ ಮೂಳೆ ಜರುಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ವೈದ್ಯರನ್ನು ದೂರಲಾರೆ, ತಪ್ಪು ನನ್ನ ರಿಜಿಸ್ಟರಿನಲ್ಲಿತ್ತು. ಪಟ್ವಾದಲ್ಲಿ 'ಫುಟ್' ಎಂದರೆ ತೊಡೆಯ ಮೂಲದಿಂದ ಬೆರಳ ತುದಿಯವರೆಗೆ. 'ಹ್ಯಾನ್' ಎಂದರೆ ಭುಜದಿಂದ ಉಗುರಿನವರೆಗೆ. ಕನ್ನಡದ ಕಾಲು, ಕೈಗಳ ಹಾಗೆಯೇ. ಹಾಸನದಲ್ಲಿ ನನ್ನ ತಾಯಿ ಕಾಲು ನೋವು ಎಂದಾಗ ಮಂಡಿಯೋ ತೊಡೆಯೋ ಹಿಮ್ಮಡಿಯೋ ಎಂದು ಕೇಳದೆ ಎಣ್ಣೆ ಹಚ್ಚಲು ಕುಳಿತವಳಲ್ಲ ನಾನು. ಅಜ್ಜಿಯ ಮಾತನ್ನು ಕನ್ನಡದ ಕಿವಿಯಿಂದ ಕೇಳಿದ್ದರೆ ಸಾಕಿತ್ತು. ಪದ ಇಂಗ್ಲಿಷಿನದು ಎಂಬ ಒಂದೇ ಕಾರಣಕ್ಕೆ ಇಂಗ್ಲಿಷಿನ ಅಳತೆಗೋಲು ಹಿಡಿದೆ.

ಸಂಜೆ ವಾರ್ಡಿನ ಹಿರಿಯ ಸಿಸ್ಟರ್ ನನ್ನನ್ನು ಕೂರಿಸಿಕೊಂಡು ಚಹಾ ಕೊಟ್ಟರು. ಬೈಯಲಿಲ್ಲ. ಪದಗಳು ಬ್ರಿಟಿಷರವು, ಅವುಗಳೊಳಗಿನ ಜೀವ ಆಫ್ರಿಕಾದ್ದು ಎಂದರು. 1655ರಲ್ಲಿ ಬ್ರಿಟಿಷರು ಈ ದ್ವೀಪವನ್ನು ಸ್ಪೇನಿನಿಂದ ಕಸಿದುಕೊಂಡರು. ಕಬ್ಬಿನ ತೋಟಗಳಿಗೆಂದು ಆಫ್ರಿಕಾದಿಂದ ಹಿಡಿದು ತಂದ ಜನ ತಮ್ಮ ಟ್ವಿ, ಇಗ್ಬೊ ಮುಂತಾದ ಭಾಷೆಗಳ ಜಾಡಿನಲ್ಲಿ ಒಡೆಯರ ಪದಗಳನ್ನು ನಡೆಸಿದರು. ಟ್ವಿಯಲ್ಲಿ ಇಡೀ ಕಾಲಿಗೆ ಒಂದೇ ಪದ. ನೀವೆಲ್ಲ ಎನ್ನಲು ಪಟ್ವಾದಲ್ಲಿರುವ 'ಉನು' ಇಗ್ಬೊ ಭಾಷೆಯದು. ಇದನ್ನು ಮುರುಕು ಇಂಗ್ಲಿಷ್ ಎಂದು ನಾನೂ ಎಂಟು ತಿಂಗಳು ಅಂದುಕೊಂಡಿದ್ದೆ.

ಸಿಸ್ಟರ್ ಮಾತು ಅವರ ಬಾಲ್ಯಕ್ಕೆ ಹೊರಳಿತು. ಮನೆಯಲ್ಲಿ ಪಟ್ವಾ ಆಡಿದರೆ ಅಮ್ಮ ತುಟಿಯ ಮೇಲೆ ಹೊಡೆಯುತ್ತಿದ್ದರಂತೆ. ಆದರೆ ಅದೇ ಅಮ್ಮ ಮಿಸ್ ಲೂ ದನಿ ಕೇಳಿದರೆ ಕೈಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರಂತೆ. ಮಿಸ್ ಲೂ ಎಂದರೆ ಲೂಯಿಸ್ ಬೆನೆಟ್, 1919ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ ಕವಯಿತ್ರಿ. ಪಟ್ವಾದಲ್ಲೇ ಬರೆದು, ರಂಗದ ಮೇಲೆ ಆಡಿ, ಟೀವಿಯಲ್ಲಿ ಮಕ್ಕಳಿಗೆ ಹಾಡಿಸಿದವರು. ಆ ತಾಯಿಯನ್ನು ನಾನು ಹಳಿಯುವುದಿಲ್ಲ. ಪರೀಕ್ಷೆ, ನ್ಯಾಯಾಲಯ, ಸರ್ಕಾರಿ ಅರ್ಜಿ ಎಲ್ಲವೂ ಇಂಗ್ಲಿಷಿನಲ್ಲಿರುವ ನಾಡಿನಲ್ಲಿ ಮಗಳಿಗೆ ಇಂಗ್ಲಿಷ್ ಬರಲಿ ಎಂದು ಯಾವ ತಾಯಿ ಬಯಸುವುದಿಲ್ಲ? ನನ್ನ ತಕರಾರು ಇಂಗ್ಲಿಷ್ ಕಲಿಸುವುದರ ಬಗ್ಗೆ ಅಲ್ಲ. ಮನೆಯಲ್ಲಿ ಪಟ್ವಾ ಕಲಿತು ಬಂದ ಮಗುವನ್ನು ಯಾವ ಭಾಷೆಯೂ ಇಲ್ಲದೆ ಬಂದಂತೆ ಕಾಣುವುದು ನನಗೆ ಸಹಿಸಲಾಗದ್ದು.

ಜನರ ಮನಸ್ಸೂ ಒಂದೇ ಕಡೆಗಿಲ್ಲ. ಮೋನಾದಲ್ಲಿರುವ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜಮೈಕನ್ ಭಾಷಾ ಘಟಕ 2005ರಲ್ಲಿ ಸಾವಿರ ಜನರನ್ನು ಕೇಳಿದಾಗ ಸುಮಾರು 70 ಪ್ರತಿಶತ ಮಂದಿ, ಇಂಗ್ಲಿಷಿನ ಜೊತೆಗೆ ಪಟ್ವಾ ಕೂಡ ಅಧಿಕೃತ ಭಾಷೆಯಾಗಲಿ ಎಂದಿದ್ದರು. ಆದರೂ 2012ರಲ್ಲಿ ಬೈಬಲಿನ ಹೊಸ ಒಡಂಬಡಿಕೆ ಪಟ್ವಾದಲ್ಲಿ ಅಚ್ಚಾದಾಗ, ದೇವರ ಮಾತಿಗೆ ಇದು ತಕ್ಕ ಭಾಷೆಯೇ ಎಂದು ಮುನಿದವರಿದ್ದರು. ಮುಂದೆ 2020ರಲ್ಲಿ ಕೊರೊನಾ ಬಂದಾಗ ಎಲ್ಲರೂ ಮನೆಯಲ್ಲಿರಿ ಎನ್ನಲು ಸರ್ಕಾರವೇ 'ಟ್ಯಾನ್ ಅ ಯು ಯಾಡ್' ಎಂದು ಪಟ್ವಾದಲ್ಲಿ ಸಾರಿತು. ಪ್ರಾಣದ ವಿಷಯಕ್ಕೆ ಬೇಕಾದ ಭಾಷೆ ಆಸ್ಪತ್ರೆಯ ಕೌಂಟರಿಗೆ ಏಕೆ ಬೇಡ?

ಅಜ್ಜಿಗೆ ಶಸ್ತ್ರಚಿಕಿತ್ಸೆಯಾಯಿತು. ಪಾಳಿ ಮುಗಿದ ಮೇಲೆ ಅವರ ಮಂಚದ ಬಳಿ ಹೋಗಿ ಕೂರುವುದು ನನಗೆ ರೂಢಿಯಾಯಿತು. ಡಾಕ್ಟರಿಗೆ ನೋವಿನ ಜಾಗ ಏಕೆ ಹೇಳಲಿಲ್ಲ ಎಂದು ಒಂದು ದಿನ ಕೇಳಿದೆ. "ಮಿ ಕ್ಯಾನ್ ಟಾಕ್ ಪ್ರಪಾ" ಎಂದರು. ನನಗೆ ಸರಿಯಾಗಿ ಮಾತನಾಡಲು ಬರುವುದಿಲ್ಲ ಎಂದರ್ಥ. ಬರುತ್ತದೆ ಎನ್ನಲು ಹ್ರಸ್ವ 'ಕ್ಯನ್', ಬರುವುದಿಲ್ಲ ಎನ್ನಲು ದೀರ್ಘ 'ಕ್ಯಾನ್'. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ತಿಣುಕಿದ ಈ ವ್ಯತ್ಯಾಸ ನಮ್ಮ ಲಿಪಿಯಲ್ಲಿ ಒಂದು ದೀರ್ಘದಲ್ಲಿ ಮುಗಿಯಿತು. ನನ್ನ ನೋಟ್‌ಬುಕ್ಕಿನಲ್ಲಿ ಪಟ್ವಾವನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳತೊಡಗಿದ್ದು ಅಂದಿನಿಂದ.

ಬರೆದಷ್ಟೂ ಹತ್ತಿರವಾಗುತ್ತಾ ಹೋಯಿತು. ಮಧುಮೇಹಕ್ಕೆ ಅವರು 'ಶುಗಾ' ಎನ್ನುತ್ತಾರೆ, ನಮ್ಮೂರಿನ ಸಕ್ಕರೆ ಕಾಯಿಲೆ. 'ಕ್ಯಾರಿ ಕಮ್' ಎಂದರೆ ತೆಗೆದುಕೊಂಡು ಬಾ, ಎರಡು ಕ್ರಿಯೆಗಳು ನಮ್ಮಲ್ಲಿಯಂತೆಯೇ ಕೈಹಿಡಿದು ನಡೆಯುತ್ತವೆ. ಒಂದು ರಾತ್ರಿ ಅಜ್ಜಿ ತೀರಿಹೋದ ಮಗನ ವಿಷಯ ಹೇಳುತ್ತಾ ಕೆನ್ನೆ ಒರೆಸಿಕೊಂಡು 'ಐ ವಾಟಾ' ಎಂದರು. ಕಣ್ಣಿನ ನೀರು. ಟ್ವಿ, ಇಗ್ಬೊ ಭಾಷೆಗಳಲ್ಲೂ ಅದು ಕಣ್ಣಿನ ನೀರೇ. ಆ ರಾತ್ರಿ ಬಹಳ ಹೊತ್ತು ಅವರ ಕೈ ಹಿಡಿದು ಕುಳಿತಿದ್ದೆ.

ಮನೆಗೆ ಹೊರಟ ದಿನ ಅಜ್ಜಿ ವಾಕರ್ ಹಿಡಿದು ತಾವೇ ಬಾಗಿಲವರೆಗೆ ಬಂದರು. ಅಲ್ಲಿ ನಿಂತು ನನಗೆ, "ವಾಕ್ ಗುಡ್, ನರ್ಸ್" ಎಂದರು. ಹುಷಾರಾಗಿ ಹೋಗಿ ಬಾ ಎನ್ನುವ ಅಲ್ಲಿನ ಬೀಳ್ಕೊಡುಗೆ. ಹೊರಟಿದ್ದವರು ಅವರು, ಹರಸಿದ್ದು ನನ್ನನ್ನು. ನಾನು "ಲಿಕಲ್ ಮೋರ್" ಎಂದೆ, ಮತ್ತೆ ಸಿಗೋಣ ಎಂದು.

ಮೇಜಿಗೆ ಮರಳಿದಾಗ ಮುಂದಿನ ಸಾಲಿನಲ್ಲಿ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸೊಬ್ಬರು ಕಾಯುತ್ತಿದ್ದರು. "ಮಿ ಹ್ಯಾನ್ ಅ ಹಟ್ ಮಿ" ಎಂದರು. ನಾನು ಪೆನ್ನು ಕೆಳಗಿಟ್ಟು, ಎಲ್ಲಿ ತೋರಿಸಿ ಎಂದೆ.