ಕೇಳುವ ನೋಟ, ತೋರಿಸುವ ನೋಟ

ಮನಃಶಾಸ್ತ್ರ ವಿಭಾಗದ ಪ್ರಯೋಗಾಲಯ ಎಂದರೆ ನಮ್ಮ ಬ್ಯಾಚಿನವರಿಗೆಲ್ಲ ಮೊದಲು ನೆನಪಾಗುವುದು ಒಂದು ಮೇಜು, ಎರಡು ಪುಟ್ಟ ಕುರ್ಚಿ, ಕೀ ಕೊಟ್ಟರೆ ಕುಣಿಯುವ ಕೋಳಿಮರಿ. ಆಟಿಸಂ, ಅಂದರೆ ಬೇರೆಯವರೊಡನೆ ಬೆರೆಯುವುದು, ಸಂವಹಿಸುವುದು ಬೇರೆ ಥರ ಇರುವ ಬೆಳವಣಿಗೆಯ ಸ್ಥಿತಿ; ಅದರ ಪಾಠವನ್ನು ಮೇಡಂ ಲಕ್ಷಣಗಳ ಪಟ್ಟಿಯಿಂದ ಶುರು ಮಾಡುತ್ತಿರಲಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಮರಿಯನ್ ಸಿಗ್ಮನ್ ಅವರ ಕೆಲಸದಿಂದ ಶುರು ಮಾಡುತ್ತಿದ್ದರು. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಇಂಥ 11 ಮಕ್ಕಳನ್ನು ವರ್ಣಿಸಿದಾಗಲೇ ಇದು ಭಾವಸಂಪರ್ಕದ ತೊಡಕು ಎಂದಿದ್ದರು. ಆ ಮಾತನ್ನು ಎಣಿಸಿ ನೋಡುವ ಹಾಗೆ ಮಾಡಿದವರಲ್ಲಿ ಸಿಗ್ಮನ್ ಮತ್ತು ಅವರ ಜೊತೆಗಾರರು ಮುಖ್ಯರು.

ಮಗು ದೊಡ್ಡವರ ಮುಖ ನೋಡುವುದರಲ್ಲಿ ಎರಡು ಬಗೆ. ಕೋಳಿಮರಿ ನಿಂತುಹೋಯಿತು, ಮಗು ನಿಮ್ಮ ಮುಖ ನೋಡಿತು: ಇದು ‘ಇನ್ನೊಂದು ಸಲ ಕೀ ಕೊಡು’ ಎಂಬ ಕೇಳುವ ನೋಟ. ಕೋಳಿಮರಿ ಇನ್ನೂ ಕುಣಿಯುತ್ತಿರುವಾಗಲೇ ಅದನ್ನೂ ನಿಮ್ಮನ್ನೂ ಬದಲಿಸಿ ಬದಲಿಸಿ ನೋಡಿದರೆ ಅದು ತೋರಿಸುವ ನೋಟ. ಅಲ್ಲಿ ಬೇಕಾದದ್ದು ಏನೂ ಇಲ್ಲ, ಖುಷಿಯನ್ನು ಹಂಚಿಕೊಳ್ಳುವುದಷ್ಟೇ. ಪೀಟರ್ ಮಂಡಿ ಮತ್ತು ಸಿಗ್ಮನ್ 1986ರಲ್ಲಿ ಹೇಳಿದ್ದು ಇದನ್ನೇ: ಆಟಿಸಂ ಇರುವ ಮಕ್ಕಳನ್ನು ಬೇರೆ ಮಕ್ಕಳಿಂದ ಸ್ಪಷ್ಟವಾಗಿ ಬೇರ್ಪಡಿಸಿದ್ದು ತೋರಿಸುವಿಕೆಯ ಕೊರತೆ, ಕೇಳುವುದರಲ್ಲಿ ಅಂತರ ಅಷ್ಟಿರಲಿಲ್ಲ. ‘ಬೇಕಾದ್ದನ್ನು ಕೈಹಿಡಿದು ಕರ್ಕೊಂಡು ಹೋಗಿ ತೋರಿಸ್ತಾನಲ್ಲ ಮೇಡಂ’ ಎಂದು ತಾಯಂದಿರು ಸಮಾಧಾನಪಟ್ಟುಕೊಳ್ಳುವಾಗ, ಅದು ಕೇಳುವುದು, ಹಂಚಿಕೊಳ್ಳುವುದಲ್ಲ ಎಂಬ ಈ ವ್ಯತ್ಯಾಸ ಗೊತ್ತಿರಲೇಬೇಕು.

ಈ ನೋಟಗಳನ್ನು ಎಣಿಸುವ ಪರೀಕ್ಷೆಯಲ್ಲಿ ಮೇಜಿನ ಆಚೆ ಮಗು, ಈಚೆ ಪರೀಕ್ಷಕಿ. ಆಟಿಕೆಗಳು ಕಣ್ಣಿಗೆ ಬೀಳಬೇಕು, ಕೈಗೆ ಸಿಗಬಾರದು. ಕ್ಯಾಮೆರಾ ಮಗುವಿನ ಮುಖಕ್ಕೆ ನೇರ. ಗೋಡೆಯ ಚಿತ್ರದ ಕಡೆ ಬೆರಳು ತೋರಿಸುವಾಗ ಪರೀಕ್ಷಕಿ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮಗುವಿನ ಹೆಸರನ್ನು ಮೂರು ಸಲ ಕರೆಯಬೇಕು. ಮಗು ಬೆರಳ ತುದಿಯನ್ನಷ್ಟೇ ನೋಡಿದರೆ ಲೆಕ್ಕಕ್ಕಿಲ್ಲ. ಬೆರಳಾಚೆಗೆ ಕಣ್ಣೋ ತಲೆಯೋ ತಿರುಗಬೇಕು. ಶಾಲೆಯ ದಾಖಲೆಯ ಹೆಸರು ಹಿಡಿದು ಕರೆದರೆ ನಮ್ಮ ಕಡೆಯ ಎಷ್ಟೋ ಮಕ್ಕಳು ತಿರುಗುವುದೇ ಇಲ್ಲ, ಮನೆಯಲ್ಲಿ ಅವರು ಪುಟ್ಟನೋ ಚಿನ್ನುವೋ ಆಗಿರುತ್ತಾರೆ. ಅದನ್ನು ಮೊದಲೇ ಕೇಳಿಟ್ಟುಕೊಳ್ಳದಿದ್ದರೆ ಚೆನ್ನಾಗಿರುವ ಮಗುವಿಗೂ ಸೊನ್ನೆ ಬೀಳುತ್ತದೆ.

ಹೆಚ್ಚಾಗಿ ಕೆಡುವುದು ಅವಸರದಿಂದ. ಆಟಿಕೆ ನಿಂತ ತಕ್ಷಣ ಪರೀಕ್ಷಕಿಯೇ ಮತ್ತೆ ಕೀ ಕೊಟ್ಟರೆ ಮಗುವಿಗೆ ಕೇಳುವ ಅವಕಾಶವೇ ಉಳಿಯದು. ಹಿಂದೆ ಕೂತ ತಾಯಿ ‘ನೋಡೋ, ಆಂಟಿ ಏನ್ ತೋರಿಸ್ತಿದಾರೆ’ ಎಂದು ತಿವಿದರೆ ಆ ಸಲದ್ದು ಬಿಟ್ಟುಬಿಡಬೇಕು.

1992ರಲ್ಲಿ ಸಿಗ್ಮನ್, ಕಾನಿ ಕಸಾರಿ ಮತ್ತು ಸಂಗಡಿಗರು ಮಾಡಿದ ಅಧ್ಯಯನ ಇನ್ನೂ ನಾಜೂಕಿನದು. ಆಟಿಸಂ ಇದ್ದ 30 ಪುಟ್ಟ ಮಕ್ಕಳನ್ನು ಬುದ್ಧಿಮಾಂದ್ಯವಿದ್ದ ಮಕ್ಕಳ ಮತ್ತು ಸಾಮಾನ್ಯ ಬೆಳವಣಿಗೆಯ ಮಕ್ಕಳ ಜೊತೆ ಹೋಲಿಸಿದ್ದರು. ಆಟಿಕೆ ಸುತ್ತಿಗೆ ಬೆರಳಿಗೆ ಬಿದ್ದ ಹಾಗೆ ದೊಡ್ಡವರು ನಟಿಸುತ್ತಾರೆ. ಬೇರೆ ಮಕ್ಕಳು ಆಟ ಬಿಟ್ಟು ಮುಖ ನೋಡಿದರು. ಆಟಿಸಂ ಇದ್ದ ಮಕ್ಕಳು ಮುಖ ನೋಡಿದ್ದು ಕಡಿಮೆ, ಆಟಿಕೆಯಲ್ಲೇ ಹೆಚ್ಚು ಹೊತ್ತು ಉಳಿದರು. ಇದನ್ನು ಕನ್ನಡದಲ್ಲಿ ಅಭ್ಯಾಸ ಮಾಡುವಾಗ ಒಂದು ತೊಡಕಿತ್ತು. ನೋವಾದರೆ ನಮ್ಮ ಬಾಯಿಗೆ ತಾನಾಗಿ ಬರುವುದು ‘ಅಮ್ಮಾ’. ಅದು ಕಿವಿಗೆ ಬಿದ್ದರೆ ಮಗು ಹಿಂದೆ ಕೂತ ತನ್ನ ಅಮ್ಮನ ಕಡೆ ತಿರುಗುತ್ತದೆ. ಹಾಗಾಗಿ ಮಾತಿಲ್ಲದೆ ‘ಸ್ಸ್... ಆ...’ ಎಂದಷ್ಟೇ ನರಳುವುದನ್ನು ಮೇಡಂ ಕಲಿಸಿದರು.

ನೋಡಲಿಲ್ಲ ಎಂದ ಮಾತ್ರಕ್ಕೆ ಮಗುವಿಗೆ ಕರುಣೆಯಿಲ್ಲ ಎಂದು ವರದಿಯಲ್ಲಿ ಬರೆದರೆ ಮೇಡಂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದರು. ಅಳೆದದ್ದು ಕಣ್ಣು ಎಲ್ಲಿತ್ತು, ಎಷ್ಟು ಸೆಕೆಂಡು ಎಂಬುದನ್ನು. ಒಳಗೆ ಏನಾಯಿತು ಎಂಬುದು ವಿಡಿಯೊದಲ್ಲಿ ಕಾಣದು.

ತೋರಿಸುವ ನೋಟ ಕಲಿಸಬಹುದಾದದ್ದು ಎಂದು ಕಸಾರಿ 2006ರಲ್ಲಿ ತೋರಿಸಿದರು: ಆಟಿಸಂ ಇದ್ದ 3ರಿಂದ 4 ವರ್ಷದ 58 ಮಕ್ಕಳು, ಮೂರು ಗುಂಪು, ದಿನಕ್ಕೆ ಅರ್ಧ ಗಂಟೆ, 5-6 ವಾರ. ಗಮನ ಹಂಚಿಕೊಳ್ಳುವುದನ್ನು ಕಲಿತ ಗುಂಪಿನ ಮಕ್ಕಳು ತಾವಾಗಿ ತೋರಿಸುವುದು ಹೆಚ್ಚಿತು. ಆ ಗುಂಪೂ, ನಟನೆಯ ಆಟ ಕಲಿತ ಗುಂಪೂ ವರ್ಷದ ನಂತರ ಇವೆರಡನ್ನೂ ಕಲಿಯದ ಮೂರನೆಯ ಗುಂಪಿಗಿಂತ ಮಾತಿನಲ್ಲಿ ಮುಂದಿದ್ದವು. ಮೇಡಂ ಇದನ್ನು ತಾಯಂದಿರಿಗೆ ಹೇಳುತ್ತಿದ್ದ ರೀತಿ ಸರಳ: ನೆಲದ ಮೇಲೆ ಮಗುವಿನ ಎದುರಿಗೆ ಕೂರಿ, ಅದು ಲೋಟ ಉರುಳಿಸಿದರೆ ನೀವೂ ಒಂದು ಲೋಟ ಉರುಳಿಸಿ, ಆಮೇಲೆ ಸುಮ್ಮನೆ ಕಾಯಿರಿ.