‘ಸಿಸ್ಟರ್, ಆ ಮಕ್ಕಳಿಗೆ ದೇವರ ಬಗ್ಗೆ ಏನಂತ ಹೇಳ್ತೀರಿ?’

ಕಲಬುರಗಿಯಲ್ಲಿ ಕ್ಯಾನ್ಸರ್ ಬಂದ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ ಅಂದರೆ ಸಾಕು, ಮದುವೆಮನೆ ಇರಲಿ, ಬಸ್ ಇರಲಿ, ಈ ಪ್ರಶ್ನೆ ಬಂದೇ ಬರುತ್ತದೆ.

ನಿಜ ಹೇಳಬೇಕೆಂದರೆ ನಾನು ಹೇಳುವುದು ಬಹಳ ಕಡಿಮೆ. ದೇವರನ್ನು ಅವರೇ ಕರೆದುಕೊಂಡು ಬಂದಿರುತ್ತಾರೆ. ಒಂದೇ ಮಗುವಿನ ಕೈಯಲ್ಲಿ ಬಂದೇನವಾಜ್ ದರ್ಗಾದ ದಾರ, ಹಣೆಯಲ್ಲಿ ಶರಣಬಸಪ್ಪನ ಗುಡಿಯ ವಿಭೂತಿ. ಯಾದಗಿರಿ ಕಡೆಯವರಾದರೆ ದಿಂಬಿನ ಕೆಳಗೆ ಮೈಲಾಪುರದ ಮೈಲಾರಲಿಂಗನ ಭಂಡಾರ, ಅಂದರೆ ಪ್ರಸಾದದ ಅರಿಶಿನ ಪುಡಿ. ಹೊಸದರಲ್ಲಿ ಒಮ್ಮೆ ಸೂಜಿ ಹಾಕಲು ಅಡ್ಡ ಅಂತ ಅಂಥ ದಾರ ಕತ್ತರಿಸಿಬಿಟ್ಟೆ. ಆ ತಾಯಿ ಏನೂ ಅನ್ನಲಿಲ್ಲ. ಕೆಳಗೆ ಬಿದ್ದ ತುಂಡು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಈಗ ನಾನು ಬಿಚ್ಚಿ, ಇನ್ನೊಂದು ಕೈಗೆ ಕಟ್ಟಲು ತಾಯಿಗೇ ಕೊಡುತ್ತೇನೆ. ಭಂಡಾರ ಮಾತ್ರ ಬಾಯಿಗೆ ಹಾಕಲು ಬಿಡುವುದಿಲ್ಲ. ಕಿಮೋ ಆದ ಮೇಲೆ ಬಿಳಿ ರಕ್ತಕಣ ಇಳಿದಿರುತ್ತವೆ, ಸಣ್ಣ ಸೋಂಕೂ ಜೋರಾಗಬಹುದು. ‘ಪೊಟ್ಟಣ ಬಿಚ್ಚಬ್ಯಾಡ್ರಿ ಯವ್ವಾ, ಹಂಗೇ ತಲಿ ಹತ್ರ ಇಡ್ರಿ’ ಅನ್ನುತ್ತೇನೆ.

ಇದೆಲ್ಲ ನರ್ಸ್ ಕೆಲಸವಾ ಅಂತ ಮೂಗು ಮುರಿಯುವವರೂ ಇದ್ದಾರೆ. ಮಕ್ಕಳ ಉಪಶಮನ ಆರೈಕೆ (ದೊಡ್ಡ ಕಾಯಿಲೆಯ ನೋವು, ಸಂಕಟ ತಗ್ಗಿಸುವ ಆರೈಕೆ) ಅಂದರೆ ದೇಹ, ಮನಸ್ಸು, ಆತ್ಮ ಮೂರರದ್ದೂ ಆರೈಕೆ ಅಂತ ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಹೇಳಿದೆ. ಹೇಳುವುದು ಸುಲಭ ಬಿಡಿ. ವಾರ್ಡಿನಲ್ಲಿ ಅದಕ್ಕೆ ಅಂತ ಬೇರೆ ಟೈಮ್ ಇಲ್ಲ. ಡ್ರಿಪ್ ಹನಿ ಎಣಿಸುತ್ತಲೇ ಆಗಬೇಕು.

ಇನ್ನು, ಮಕ್ಕಳು ದೇವರ ಹೆಸರಲ್ಲಿ ಕೇಳುವುದು ಎಷ್ಟೋ ಸಲ ಬೇರೆಯದೇ ಇರುತ್ತದೆ. ಮಕ್ಕಳಲ್ಲಿ ಜಾಸ್ತಿ ಕಾಣುವ ರಕ್ತದ ಕ್ಯಾನ್ಸರಿಗೆ 2ರಿಂದ 3 ವರ್ಷ ಚಿಕಿತ್ಸೆ ನಡೆಯುತ್ತದೆ. ಬಹಳಷ್ಟು ಮಕ್ಕಳು ಗುಣವೂ ಆಗುತ್ತಾರೆ. ಆದರೆ ಶಾಲೆ ಬಿಟ್ಟು, ಕೂದಲು ಉದುರಿ, ಹಾಸಿಗೆಯಲ್ಲಿ ಬಿದ್ದಿರುವ ಮಗುವಿಗೆ ಯೋಚನೆ ಮಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ, ಅಲ್ವಾ?

ಎಂಟು ವರ್ಷದ ಹುಡುಗನೊಬ್ಬ. ಬೆನ್ನಿಗೆ ಸೂಜಿ ಚುಚ್ಚುವಾಗಲೂ ಅಳುತ್ತಿರಲಿಲ್ಲ. ಭಾರೀ ಧೈರ್ಯವಂತ ಅಂತ ಎಲ್ಲರೂ ಹೊಗಳುತ್ತಿದ್ದೆವು. ಒಂದು ರಾತ್ರಿ ಎರಡು ಗಂಟೆಗೆ, ಅವರವ್ವ ಕೆಳಗೆ ಚಾಪೆಯ ಮೇಲೆ ಮಲಗಿದ್ದಾಗ, ಮೆಲ್ಲಗೆ ಕೇಳಿದ:

‘ಸಿಸ್ಟರ್, ದೇವ್ರಿಗಿ ಸಿಟ್ಟು ಬಂದ್ರ ಎಷ್ಟು ದಿನ ಇರ್ತದ?’

ಹಂಗೆಲ್ಲ ಅನ್ನಬಾರದು ಅಂದಿದ್ದರೆ ಮುಸುಕು ಎಳೆದುಕೊಳ್ಳುತ್ತಿದ್ದ. ‘ಯಾಕ ಸಿಟ್ಟು ಬಂತೋ ಅವಗ?’ ಅಂದೆ.

ಹಬ್ಬದ ದಿನ ಎಡೆ ಹಿಡಿಯುವ ಮುಂಚೆಯೇ ಹೋಳಿಗೆ ಕದ್ದು ತಿಂದಿದ್ದನಂತೆ. ಜ್ವರ ಶುರುವಾಗಿದ್ದು ಅದಾದ ಮೇಲೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿ, ಅಷ್ಟು ತಿಂಗಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ. ಸೂಜಿಗೆ ಯಾಕೆ ಅಳುತ್ತಿರಲಿಲ್ಲ ಅಂತ ನನಗೆ ಆಗ ತಿಳಿಯಿತು.

ಸ್ಟೂಲ್ ಎಳೆದುಕೊಂಡು ಕೂತೆ. ‘ಈ ಜಡ್ಡು ತಪ್ಪು ಮಾಡಿದ್ದಕ್ಕ ಬರಂಗಿಲ್ಲಪಾ. ಸಣ್ಣಾಕಿ ಇದ್ದಾಗ ನಾನೂ ಕದ್ದು ತಿಂದೀನಿ. ನನಗ ಬಂದದೇನು?’

‘ಎಷ್ಟು ತಿಂದೀರಿ?’

‘ಎರಡು.’

‘ನಾ ಮೂರು.’

‘ಮೂರು ತಿಂದ್ರೂ ಬರಂಗಿಲ್ಲ.’

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಇನ್ನೊಮ್ಮಿ ಹೇಳ್ರಿ’ ಅಂದ. ಹೇಳಿದೆ.