ಸಮಾಧಿಶಂಕುವಿನ ಒಡೆಯ ಯಾರು?

ವಸ್ತುಸಂಗ್ರಹಾಲಯವೊಂದರಲ್ಲಿ ಪ್ರಾಚೀನ ಈಜಿಪ್ಟಿನ ವಸ್ತುಗಳಿಗೆ ವಿವರಪಟ್ಟಿ ಸಿದ್ಧಪಡಿಸುವುದು ನನ್ನ ಕೆಲಸ. ಅವುಗಳಲ್ಲಿ ಹೆಚ್ಚು ತಾಳ್ಮೆ ಬೇಡುವುದು ಥೀಬ್ಸ್‌ನ, ಅಂದರೆ ಇಂದಿನ ಲಕ್ಸರ್‌ನ ಪಶ್ಚಿಮ ದಂಡೆಯ, ಸಮಾಧಿಶಂಕುಗಳು. ಜೇಡಿಮಣ್ಣಿನ ಈ ಶಂಕುಗಳನ್ನು ಸಮಾಧಿಯ ಮುಂಗೋಡೆಯಲ್ಲಿ, ಬಾಗಿಲಿನ ಮೇಲ್ಭಾಗಕ್ಕೆ ಸಾಲಾಗಿ ಹುದುಗಿಸುತ್ತಿದ್ದರು. ಹೊರಗೆ ಕಾಣುವ ದುಂಡು ಮುಖದ ಮೇಲೆ ಒಡೆಯನ ಹುದ್ದೆ ಮತ್ತು ಹೆಸರಿನ ಮುದ್ರೆ ಒತ್ತಿರುತ್ತಿತ್ತು. ಹೆಚ್ಚಿನವು 18ನೆಯ ರಾಜವಂಶದ (ಸುಮಾರು ಕ್ರಿ.ಪೂ. 1550–1290) ಕಾಲದವು.

ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಹೆಸರನ್ನೇ ಹುಡುಕುತ್ತಾರೆ. ಆದರೆ ನೆಬಮುನ್, ಅಮೆನ್‌ಹೋಟೆಪ್, ಅಮೆನೆಮ್‌ಹತ್ ಎಂಬ ಹೆಸರಿನವರು ಆಗಿನ ಥೀಬ್ಸ್‌ನಲ್ಲಿ ಅನೇಕರಿದ್ದರು. ಹುದ್ದೆ, ಕೆಲವೊಮ್ಮೆ ಪತ್ನಿಯ ಹೆಸರು, ಇವು ಕೂಡಿದಾಗಲೇ ವ್ಯಕ್ತಿ ಸ್ಪಷ್ಟವಾಗುತ್ತಾನೆ. ಮೂರನೆಯ ಅಮೆನ್‌ಹೋಟೆಪ್‌ನ ಕಾಲದ ಮೆರಿಮೋಸ್‌ನ ಶಂಕುಗಳಲ್ಲಿ ಕುಶ್ ದೇಶದ (ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾದ) ರಾಜಪ್ರತಿನಿಧಿ ಎಂಬ ಹುದ್ದೆಯೂ ಇರುವುದರಿಂದ ಅನುಮಾನಕ್ಕೆ ಎಡೆಯಿಲ್ಲ. ಬರಿಯ ‘ಲಿಪಿಕಾರ’ ಎಂದಷ್ಟೇ ಇದ್ದರೆ ಅಂಥ ನಿಶ್ಚಯ ಸಾಧ್ಯವಿಲ್ಲ.

ಮುದ್ರೆ ಸವೆದಿದ್ದರೆ ಒಂದು ಬದಿಯಿಂದ ಓರೆಯಾಗಿ ಬೆಳಕು ಹಾಯಿಸಿ ಓದುತ್ತೇವೆ. ಒಂದೇ ಅಚ್ಚನ್ನು ಹಲವು ಶಂಕುಗಳ ಮೇಲೆ ಒತ್ತಿರುವುದು ನಮಗೊಂದು ಅನುಕೂಲ: ಒಂದರಲ್ಲಿ ಎಡಭಾಗ ಅಳಿದಿದ್ದರೆ ಮತ್ತೊಂದರಲ್ಲಿ ಅದು ಉಳಿದಿರಬಹುದು, ಎರಡನ್ನೂ ಸೇರಿಸಿ ಪೂರ್ಣಪಾಠವನ್ನು ಕಟ್ಟಬಹುದು. ಆದರೆ ಅದಕ್ಕೆ ಮೊದಲು ಗೆರೆಗಳ ಅಂತರ, ಚಿಹ್ನೆಗಳ ಜೋಡಣೆ ಇವೆಲ್ಲ ಹೊಂದುತ್ತವೆಯೇ ಎಂದು ನೋಡಲೇಬೇಕು. ಪದಗಳು ಹೊಂದಿದ ಮಾತ್ರಕ್ಕೆ ಅಚ್ಚು ಒಂದೇ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಇದರ ವಿಲೋಮವೂ ನಿಜ. ಇದೇ ಪಶ್ಚಿಮ ದಂಡೆಯ ಅಸಾಸಿಫ್ ಎಂಬಲ್ಲಿ ವಿಶಾಲ ಸಮಾಧಿಯನ್ನು ಕಟ್ಟಿಸಿದ ಮೊಂತುಎಮ್‌ಹತ್‌ನಂಥ ಪ್ರಭಾವಶಾಲಿಗೆ ಬೇರೆ ಬೇರೆ ಅಚ್ಚುಗಳಿದ್ದವು, ಆದ್ದರಿಂದ ಅಚ್ಚು ಬೇರೆಯಾದರೆ ಒಡೆಯನೂ ಬೇರೆ ಎನ್ನಲಾಗದು.

ಅಚ್ಚುಗಳನ್ನು ಗುರುತಿಸಲು ನಾವೆಲ್ಲ ಬಳಸುವ ಸಂಖ್ಯೆಗಳು ಈಜಿಪ್ಟ್ ತಜ್ಞ ನಾರ್ಮನ್ ಡೇವಿಸ್ ಕಲೆಹಾಕಿ, ಅವರು ತೀರಿಕೊಂಡ ಮೇಲೆ ಮ್ಯಾಕಡಮ್ 1957ರಲ್ಲಿ ಹೊರತಂದ ಸಂಕಲನದವು. ಅಲ್ಲಿ 611 ಬಗೆಗಳ ಚಿತ್ರಗಳಿವೆ. ವಿವರಣೆಯ ಸಂಪುಟ ಮಾತ್ರ ಬರಲೇ ಇಲ್ಲ. ಹಾಗಾಗಿ ಆ ಸಂಖ್ಯೆ ಅಚ್ಚನ್ನು ಹೇಳುತ್ತದೆಯೇ ಹೊರತು ಸಮಾಧಿಯನ್ನಲ್ಲ. ಶಂಕು ಸಿಕ್ಕ ಜಾಗವನ್ನು ನೆಚ್ಚಿಕೊಳ್ಳುವುದೂ ಕಷ್ಟ, ಏಕೆಂದರೆ ಗೋಡೆ ಕುಸಿದಾಗ ಅವು ಇಳಿಜಾರಿನಲ್ಲಿ ಉರುಳಿವೆ, ಇತರರ ಕೈಸೇರಿ ಮಾರಾಟವೂ ಆಗಿವೆ. ಒಂದೇ ಅಚ್ಚಿನ ಹಲವು ಶಂಕುಗಳು ಒಂದೇ ಅಂಗಳದಲ್ಲಿ ಸಿಕ್ಕಿ, ಒಳಗಿನ ಗೋಡೆಬರಹದ ಹುದ್ದೆಯೂ ಹೊಂದಿದರೆ ಮಾತು ಬೇರೆ.

ಆದ್ದರಿಂದ ನಮ್ಮ ಪಟ್ಟಿಯಲ್ಲಿ ಓದಿದ ಪಾಠ, ಅಚ್ಚಿನ ಸಂಖ್ಯೆ, ಸಮಾಧಿಯ ಊಹೆ ಇವಕ್ಕೆ ಬೇರೆ ಬೇರೆ ಅಂಕಣಗಳಿವೆ. ಶಂಕುಗಳಿಂದಷ್ಟೇ ಪರಿಚಿತರಾದ, ಸಮಾಧಿ ಇನ್ನೂ ಪತ್ತೆಯಾಗದ ಒಡೆಯರು ಬಹಳ ಮಂದಿ ಇರುವುದರಿಂದ, ಕೊನೆಯ ಅಂಕಣವನ್ನು ಖಾಲಿ ಬಿಡಲು ಯಾರೂ ಹಿಂಜರಿಯಬೇಕಿಲ್ಲ.